ಇ.ಜಿ.ಆರ್. ಕವಾಟಕ್ಕೆ ತಗಡು ಬಡಿಯುವ ಮುನ್ನ

ಡೀಸೆಲ್ ಕಾರು, ಜೀಪು ಅಥವಾ ಪಿಕಪ್ ವಾಹನವನ್ನು ಐದಾರು ವರ್ಷ ಓಡಿಸಿದವರಿಗೆ ಇ.ಜಿ.ಆರ್. ಎಂಬ ಮೂರಕ್ಷರದ ಪರಿಚಯ ಹೇಗೋ ಆಗಿಯೇ ಇರುತ್ತದೆ. ಗಾಡಿ ಏರಿನಲ್ಲಿ ಎಳೆಯುವುದಿಲ್ಲ, ಹಿಂದೆ ಕರಿಹೊಗೆ ಉಗುಳುತ್ತದೆ, ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತಿಕೊಂಡು ಆರುವುದೇ ಇಲ್ಲ. ಗ್ಯಾರೇಜಿಗೆ ಒಯ್ದರೆ ಬಾನೆಟ್ ಎತ್ತಿದ ಮೇಸ್ತ್ರಿ ಹೆಚ್ಚು ಹೊತ್ತು ಯೋಚಿಸುವುದಿಲ್ಲ. "ಇ.ಜಿ.ಆರ್. ಕಟ್ಟೇದ್ರಿ. ಅದನ್ನ ಬಂದ್ ಮಾಡಿಬಿಡೂಣ್ರಿ, ಗಾಡಿ ಚಲೋ ಎಳೀತದ." ಗ್ಯಾಸ್ಕೆಟ್ಟಿನ ಆಕಾರಕ್ಕೆ ಕತ್ತರಿಸಿದ ಒಂದು ತಗಡನ್ನು ಕವಾಟಕ್ಕೂ ಕೊಳವೆಗೂ ನಡುವೆ ತೂರಿಸಿ ನಟ್ಟು ಬಿಗಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಖರ್ಚು ಕೆಲವು ನೂರು ರೂಪಾಯಿ ಮಾತ್ರ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಕಡೆ ಮಾತ್ರವಲ್ಲ, ಘಟ್ಟದ ಮೇಲಿನ ನಮ್ಮ ಊರುಗಳಲ್ಲಿಯೂ ಇದು ಈಗ ರೂಢಿಯ ಮಾತಾಗಿದೆ.

ಈ ರೂಢಿ ತಪ್ಪು, ಹೆಚ್ಚಿನ ಸಂದರ್ಭಗಳಲ್ಲಿ ಅನಗತ್ಯ ಕೂಡ, ಎಂಬುದು ಈ ಲೇಖನದ ವಾದ. ಕಾಡು, ಹಳ್ಳ, ಕಣಿವೆಗಳ ವಿಚಾರ ಬರುವ ಪತ್ರಿಕೆಯಲ್ಲಿ ಕಾರಿನ ಬಿಡಿಭಾಗವೊಂದರ ಮಾತೇಕೆಂದು ಓದುಗರು ಕೇಳಬಹುದು. ವಿಜಯಪುರದ ಕಡೆಯಿಂದ ನರಗುಂದ, ನವಲಗುಂದಗಳನ್ನು ಹಾದು ಹುಬ್ಬಳ್ಳಿಗೆ ಬಂದು, ಅಲ್ಲಿಂದ ಕಲಘಟಗಿ, ಯಲ್ಲಾಪುರಗಳ ಮೂಲಕ ಅಂಕೋಲೆಯತ್ತ ಇಳಿಯುವ 52ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಓಡುವ ವಾಹನಗಳ ಹೊಗೆ ರಸ್ತೆಯ ಮೇಲೆಯೇ ನಿಲ್ಲುವುದಿಲ್ಲ. ಅದು ಹೊಲಕ್ಕೂ ಹೋಗುತ್ತದೆ, ಕಾಡಿಗೂ ಬರುತ್ತದೆ. ಬೆಳೆಯ ಅಭ್ಯಾಸವೇ ವೃತ್ತಿಯಾಗಿರುವ ನನಗೆ ಈ ಕವಾಟದಲ್ಲಿ ಆಸಕ್ತಿ ಮೂಡಿದ್ದು ಆ ದಾರಿಯಿಂದಲೇ.

ಮೊದಲು ಈ ಕವಾಟದ ಕೆಲಸವೇನೆಂದು ನೋಡೋಣ. ಎಂಜಿನ್ನು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಸುಮಾರು ಶೇಕಡಾ 78 ಭಾಗ ಸಾರಜನಕ, 21 ಭಾಗ ಆಮ್ಲಜನಕ. ಸಾಮಾನ್ಯ ಉಷ್ಣತೆಯಲ್ಲಿ ಇವೆರಡೂ ಒಂದರ ತಂಟೆಗೆ ಇನ್ನೊಂದು ಹೋಗದೆ ಇರುತ್ತವೆ. ಆದರೆ ಸಿಲಿಂಡರಿನೊಳಗೆ ಇಂಧನ ಉರಿಯುವ ಕ್ಷಣದಲ್ಲಿ ಉಷ್ಣತೆ 1500 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿ ಏರುತ್ತದೆ. ಆಗ ಅವು ಕೂಡಿಕೊಂಡು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗುತ್ತದೆ, ಹೊರಗೆ ಬಂದ ಮೇಲೆ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಉರಿ ಎಷ್ಟು ಬಿಸಿಯೋ ಈ ಅನಿಲ ಅಷ್ಟು ಹೆಚ್ಚು. ಈ ಉರಿಯನ್ನು ತುಸು ತಣಿಸುವ ಉಪಾಯವೇ ಇ.ಜಿ.ಆರ್. ಹೊರಹೋಗುವ ಹೊಗೆಯ ಒಂದು ಪಾಲನ್ನು ಹಿಂದಕ್ಕೆ ತಂದು, ಬಹಳಷ್ಟು ವಾಹನಗಳಲ್ಲಿ ನೀರಿನ ಕೂಲರಿನಲ್ಲಿ ಆರಿಸಿ, ಒಳಬರುವ ಹೊಸ ಗಾಳಿಯೊಡನೆ ಬೆರೆಸುವ ವ್ಯವಸ್ಥೆ ಇದು. ಒಮ್ಮೆ ಉರಿದು ಮುಗಿದ ಹೊಗೆಯಲ್ಲಿ ಆಮ್ಲಜನಕ ಕಡಿಮೆ; ಇಂಗಾಲದ ಡೈಆಕ್ಸೈಡೂ ನೀರಾವಿಯೂ ಹೆಚ್ಚು. ಇವು ಶಾಖವನ್ನು ಹೀರಿಕೊಂಡು ಉರಿಯ ತುತ್ತತುದಿಯ ಉಷ್ಣತೆಯನ್ನು ತಗ್ಗಿಸುತ್ತವೆ. ಎಷ್ಟು ಹೊಗೆ ಹಿಂದೆ ಬರಬೇಕೆಂಬುದನ್ನು ಎಂಜಿನ್ನಿನ ಕಂಪ್ಯೂಟರ್ ನಿರ್ಧರಿಸುತ್ತದೆ, ಕವಾಟ ಅದರಂತೆ ತೆರೆದು ಮುಚ್ಚುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಪೆಟ್ರೋಲ್ ಕಾರುಗಳಲ್ಲಿ ಬಳಕೆಗೆ ಬಂದ ಈ ಉಪಾಯ, ಹೊಗೆಯ ನಿಯಮಗಳು ಬಿಗಿಯಾದಂತೆ ನಮ್ಮ ಡೀಸೆಲ್ ವಾಹನಗಳಿಗೂ ಬಂದಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆರೋಗ್ಯವಾಗಿರುವ ಕವಾಟ ಸದಾ ತೆರೆದಿರುವುದಿಲ್ಲ. ಎಂಜಿನ್ನು ತಣ್ಣಗಿರುವಾಗ ಸಾಮಾನ್ಯವಾಗಿ ಮುಚ್ಚಿರುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಏರು ಹತ್ತುವಾಗಲೂ ಮುಚ್ಚಿಕೊಳ್ಳುತ್ತದೆ. ಅದು ತೆರೆದುಕೊಳ್ಳುವುದು ಹದವಾದ ವೇಗದಲ್ಲಿ, ಹಗುರ ಹೊರೆಯಲ್ಲಿ ಓಡುವಾಗ. ಅಂದರೆ ಅರಬೈಲು ಘಟ್ಟ ಹತ್ತುವಾಗ ಎಂಜಿನ್ನಿನ ಶಕ್ತಿಯನ್ನು ಇ.ಜಿ.ಆರ್. ತಿನ್ನುತ್ತದೆಂಬ ಮಾತು ಸರಿಯಾಗಿ ಕೆಲಸ ಮಾಡುವ ಕವಾಟಕ್ಕೆ ಅನ್ವಯಿಸುವುದಿಲ್ಲ. ಮಸಿ ಹಿಡಿದು ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡ ಕವಾಟ ಮಾತ್ರ ಹಾಗೆ ಮಾಡುತ್ತದೆ. ಅಂಥ ಕವಾಟಕ್ಕೆ ತಗಡು ಬಡಿದಾಗ ಗಾಡಿಗೆ ಜೀವ ಬಂದಂತೆ ಕಾಣುವುದು ನಿಜ. ಅದೇ ಕವಾಟವನ್ನು ಬಿಚ್ಚಿ ತೊಳೆದು ಜೋಡಿಸಿದರೂ ಅದೇ ಜೀವ ಬರುತ್ತಿತ್ತು. ಈ ಹೋಲಿಕೆಯನ್ನು ಯಾರೂ ಮಾಡಿ ನೋಡದ ಕಾರಣ ಕೀರ್ತಿಯೆಲ್ಲ ತಗಡಿಗೆ ಹೋಗಿದೆ.

ತಗಡಿನ ಕೀರ್ತಿಗೆ ಇನ್ನೊಂದು ಕಾರಣವೂ ಇದೆ. ಡೀಸೆಲ್ ಎಂಜಿನ್ನಿನಲ್ಲಿ ಮಸಿ ಮತ್ತು ಸಾರಜನಕದ ಆಕ್ಸೈಡುಗಳು ತಕ್ಕಡಿಯ ಎರಡು ತಟ್ಟೆಗಳಂತೆ. ಉರಿ ಬಿಸಿಯಾದಷ್ಟೂ ಮಸಿ ಕಡಿಮೆ, ಆಕ್ಸೈಡು ಹೆಚ್ಚು. ತಗಡು ಬಡಿದ ಮೇಲೆ ಕರಿಹೊಗೆ ಇಳಿಯುತ್ತದೆ, ಇಂಧನದಲ್ಲಿಯೂ ತುಸು ಉಳಿತಾಯ ಆದೀತು. ಆದರೆ ಬಣ್ಣವಿಲ್ಲದ ನೈಟ್ರಿಕ್ ಆಕ್ಸೈಡ್ ಏರುತ್ತದೆ. ಕಣ್ಣಿಗೆ ಕಾಣುವುದು ಇಳಿದು ಕಾಣದಿರುವುದು ಏರಿದರೆ ವಾಹನದ ಒಡೆಯನಿಗೂ ದಾರಿಹೋಕನಿಗೂ ಗಾಡಿ ಸ್ವಚ್ಛವಾದಂತೆಯೇ ತೋರುತ್ತದೆ. ಸರಕಾರದ ಎಮಿಷನ್ ಪರೀಕ್ಷೆಯ ಕಣ್ಣೂ ಇದೇ ಬಗೆಯದು. ಡೀಸೆಲ್ ವಾಹನವನ್ನು ನಿಲ್ಲಿಸಿ, ಗೇರು ಹಾಕದೆ ಆಕ್ಸಿಲರೇಟರ್ ಒತ್ತಿ, ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆಂದು ಅಳೆದು ಚೀಟಿ ಕೊಡುತ್ತಾರೆ. ಸಾರಜನಕದ ಆಕ್ಸೈಡನ್ನು ಅಳೆಯುವುದೇ ಇಲ್ಲ. ಕವಾಟಕ್ಕೆ ತಗಡು ಬಡಿದ ಗಾಡಿ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಸಿಕ್ಕಿಕೊಂಡ ಕವಾಟದ ಗಾಡಿಗಿಂತ ಉತ್ತಮ ಅಂಕವನ್ನೂ ಪಡೆದೀತು.

ಹಾಗಾದರೆ ದೋಷವನ್ನು ಪತ್ತೆ ಮಾಡುವ ಬಗೆ ಹೇಗೆ? ಪಾಲಿಟೆಕ್ನಿಕ್, ಐ.ಟಿ.ಐ. ವಿದ್ಯಾರ್ಥಿಗಳೂ ಈ ಪತ್ರಿಕೆಯನ್ನು ಓದುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಕವಾಟ ಎರಡು ರೀತಿಯಲ್ಲಿ ಕೆಡುತ್ತದೆ, ಲಕ್ಷಣಗಳೂ ಬೇರೆ ಬೇರೆ. ತೆರೆದು ಸಿಕ್ಕಿಕೊಂಡರೆ ಎಂಜಿನ್ನಿಗೆ ಉಸಿರು ಸಾಲದು: ಕರಿಹೊಗೆ, ಎಳೆತ ಇಲ್ಲದಿರುವುದು, ನಿಂತಲ್ಲಿ ಎಂಜಿನ್ನು ನಡುಗುವುದು, ಕೆಲವೊಮ್ಮೆ ನಿಂತೇ ಹೋಗುವುದು, ಡೀಸೆಲ್ ಹೆಚ್ಚು ಖರ್ಚಾಗುವುದು. ಮುಚ್ಚಿ ಸಿಕ್ಕಿಕೊಂಡರೆ ಅಥವಾ ಕೊಳವೆ ಮಸಿಯಿಂದ ಕಟ್ಟಿಕೊಂಡರೆ ಓಡಿಸುವವನಿಗೆ ಏನೂ ತಿಳಿಯುವುದಿಲ್ಲ. ಹಳದಿ ದೀಪ ಮಾತ್ರ ಹೊತ್ತೀತು. ಈ ಎರಡನೆಯ ರೋಗವೇ ತಗಡಿಗೆ ಸಮಾನವಾದದ್ದು.

ಮೊದಲ ಕೆಲಸ ಸ್ಕ್ಯಾನರ್ ಹಚ್ಚಿ ಕಂಪ್ಯೂಟರಿನಲ್ಲಿ ದಾಖಲಾದ ಸಂಕೇತವನ್ನು ಓದುವುದು. ಪಿ-0401 ಎಂದಿದ್ದರೆ ಹಿಂದೆ ಬರುವ ಹೊಗೆ ಸಾಲುತ್ತಿಲ್ಲವೆಂದು ಅರ್ಥ, ಪಿ-0402 ಎಂದಿದ್ದರೆ ಹೆಚ್ಚಾಗಿ ಬರುತ್ತಿದೆಯೆಂದು. ಪಿ-0403 ವಿದ್ಯುತ್ ಸಂಪರ್ಕದ ದೋಷ. ಪಿ-0404 ಕವಾಟ ಹೇಳಿದ ಮಟ್ಟಕ್ಕೆ ಚಲಿಸುತ್ತಿಲ್ಲವೆಂಬ ಸೂಚನೆ. ಪಿ-0405 ಮತ್ತು 0406 ಕವಾಟದ ಸ್ಥಾನ ತಿಳಿಸುವ ಸಂವೇದಕಕ್ಕೆ ಸಂಬಂಧಿಸಿದವು. ಓದಿದ ಕೂಡಲೇ ಅಳಿಸಿಬಿಡುವ ಆತುರ ಬೇಡ. ದೋಷ ದಾಖಲಾದ ಹೊತ್ತಿನಲ್ಲಿ ಎಂಜಿನ್ನಿನ ವೇಗ, ಉಷ್ಣತೆ, ಹೊರೆ ಎಷ್ಟಿದ್ದವೆಂಬುದೂ ಅದರೊಡನೆ ಉಳಿದಿರುತ್ತದೆ, ಅದನ್ನು ಬರೆದಿಟ್ಟುಕೊಳ್ಳಬೇಕು. ಸಂಕೇತವು ರೋಗದ ಹೆಸರಲ್ಲ, ಜ್ವರ ಎಷ್ಟಿದೆ ಎಂಬುದರ ಲೆಕ್ಕ ಮಾತ್ರ. ಪಿ-0401 ಬಂದಿತೆಂದು ಹೊಸ ಕವಾಟ ತರಿಸುವುದು ಜ್ವರ ಬಂದವರಿಗೆಲ್ಲ ಒಂದೇ ಇಂಜೆಕ್ಷನ್ ಕೊಟ್ಟಂತೆ.

ಎರಡನೆಯದು ಕಣ್ಣು ಮತ್ತು ಕೈಗಳ ಕೆಲಸ, ಇದಕ್ಕೆ ಹಣ ಬೇಕಾಗಿಲ್ಲ. ಹಳೆಯ ಮಾದರಿಯ ಕವಾಟಗಳು ನಿರ್ವಾತದಿಂದ ತೆರೆಯುವಂಥವು. ಅವಕ್ಕೆ ಸಣ್ಣ ರಬ್ಬರ್ ಕೊಳವೆಗಳಿರುತ್ತವೆ. ಬಣವಿಯ ಮಗ್ಗುಲಲ್ಲಿ, ಕಾಳಿನ ಕೋಣೆಯ ಹತ್ತಿರ ಗಾಡಿ ನಿಲ್ಲಿಸುವ ನಮ್ಮ ಹಳ್ಳಿಗಳಲ್ಲಿ ಇಲಿಗಳು ಈ ಕೊಳವೆಗಳನ್ನೂ ತಂತಿಗಳನ್ನೂ ಕಡಿಯುವುದು ಸಾಮಾನ್ಯ. ಬಿರಿದ ಕೊಳವೆ, ಸಡಿಲವಾದ ಪ್ಲಗ್ಗು, ಹಸಿರು ಕಿಲುಬು ಹಿಡಿದ ತಂತಿಯ ತುದಿ, ಇವುಗಳನ್ನು ನೋಡಿದ ಮೇಲೆಯೇ ಮುಂದಿನ ಮಾತು. ಕೈಪಂಪಿನಿಂದ ನಿರ್ವಾತ ಕೊಟ್ಟಾಗ ಕವಾಟದ ಕಡ್ಡಿ ಮೇಲೆದ್ದು ಅಲ್ಲಿಯೇ ನಿಲ್ಲಬೇಕು. ಕೂಡಲೇ ಕೆಳಗಿಳಿದರೆ ಒಳಗಿನ ಪೊರೆ ಹರಿದಿದೆ. ಏಳಲೇ ಇಲ್ಲವಾದರೆ ಮಸಿ ಹಿಡಿದಿದೆ.

ಮೂರನೆಯದು ಗಾಳಿಯ ಲೆಕ್ಕ. ಎಂಜಿನ್ನಿಗೆ ಹೋಗುವ ಹೊಸ ಗಾಳಿಯನ್ನು ಅಳೆಯುವ ಸಂವೇದಕವೊಂದು ಏರ್ ಫಿಲ್ಟರಿನ ನಂತರ ಇರುತ್ತದೆ. ಎಂಜಿನ್ನು ಬಿಸಿಯಾಗಿ ನಿಂತಲ್ಲಿ ಓಡುತ್ತಿರುವಾಗ ಸ್ಕ್ಯಾನರಿನಿಂದ ಕವಾಟವನ್ನು ತೆರೆಯಲು ಆಜ್ಞೆ ಕೊಟ್ಟರೆ, ಹೊಗೆ ಒಳಬಂದಷ್ಟು ಹೊಸ ಗಾಳಿ ಕಡಿಮೆಯಾಗಬೇಕು. ಮುಚ್ಚಿದರೆ ಮತ್ತೆ ಏರಬೇಕು. ತೆರೆದರೂ ಗಾಳಿಯ ಅಂಕಿ ಅಲುಗದಿದ್ದರೆ ದಾರಿ ಕಟ್ಟಿದೆ. ಮುಚ್ಚಿದರೂ ಅಂಕಿ ಕೆಳಗೆಯೇ ಇದ್ದರೆ ಕವಾಟ ಪೂರ್ತಿ ಮುಚ್ಚುತ್ತಿಲ್ಲ, ಅಥವಾ ಆ ಸಂವೇದಕವೇ ಕೊಳಕಾಗಿದೆ. ಈ ಎರಡನೆಯ ಸಾಧ್ಯತೆಯನ್ನು ನಮ್ಮ ಎರೆಭೂಮಿಯ ಕಡೆ ಮರೆಯಲೇಬಾರದು. ಸಂಕ್ರಾಂತಿ ಕಳೆದ ಮೇಲೆ ನವಲಗುಂದ, ಅಣ್ಣಿಗೇರಿಗಳ ಹೊಲದ ದಾರಿಗಳಲ್ಲಿ ಏಳುವ ಧೂಳು ಹಿಟ್ಟಿನಷ್ಟು ನುಣುಪು. ಹರಿದ ಅಥವಾ ಸರಿಯಾಗಿ ಕೂರದ ಫಿಲ್ಟರಿನ ಅಂಚಿನಿಂದ ಅದು ಒಳನುಗ್ಗಿ ಸಂವೇದಕದ ಮೇಲೆ ಕೂರುತ್ತದೆ. ಎಷ್ಟು ಹೊಗೆ ಹಿಂದೆ ಬರುತ್ತಿದೆಯೆಂಬ ಲೆಕ್ಕವನ್ನು ಬಹಳಷ್ಟು ಡೀಸೆಲ್ ಎಂಜಿನ್ನುಗಳ ಕಂಪ್ಯೂಟರ್ ಮಾಡುವುದು ಇದೇ ಸಂವೇದಕದ ಅಂಕಿಯಿಂದ. ಅಂಕಿ ತಪ್ಪಾದರೆ ಆರೋಗ್ಯವಾದ ಕವಾಟದ ಮೇಲೆ ಅಪವಾದ ಬರುತ್ತದೆ. ಇದಕ್ಕೆಂದೇ ದೊರೆಯುವ ಸ್ಪ್ರೇಯಿಂದ ಸಂವೇದಕವನ್ನು ತೊಳೆದು, ಮುಟ್ಟದೆ ಒಣಗಲು ಬಿಟ್ಟು, ಹೊಸ ಫಿಲ್ಟರ್ ಹಾಕಿದರೆ ಎಷ್ಟೋ ಗಾಡಿಗಳ ದೀಪ ಆರುತ್ತದೆ.

ಕವಾಟದ ಮೇಲೆ ಕೈಹಾಕುವ ಮೊದಲು ಅದೇ ಲಕ್ಷಣ ತೋರುವ ಇತರ ಕಾರಣಗಳನ್ನೂ ತಳ್ಳಿಹಾಕಬೇಕು: ಕಟ್ಟಿದ ಡೀಸೆಲ್ ಫಿಲ್ಟರ್, ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ಕೊಳವೆಯಲ್ಲಿ ಸೋರಿಕೆ, ಸವೆದ ಕ್ಲಚ್, ಸರಿಯಾಗಿ ಸಿಂಪಡಿಸದ ಇಂಜೆಕ್ಟರ್. ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ, ತೆರೆದು ಸಿಕ್ಕಿಕೊಂಡ ಕವಾಟವನ್ನು ಗುರುತಿಸಲು ತಗಡೂ ಉಪಯೋಗಕ್ಕೆ ಬರುತ್ತದೆಂದು ಒಪ್ಪಬೇಕು. ತಾತ್ಕಾಲಿಕವಾಗಿ ಇಟ್ಟು ಒಂದಿಷ್ಟು ದೂರ ಓಡಿಸಿದಾಗ ಹೊಗೆ ನಿಂತು ಎಳೆತ ಬಂದರೆ ದೋಷ ಎಲ್ಲಿದೆಯೆಂದು ತಿಳಿಯಿತು. ಅಲ್ಲಿಗೆ ತಗಡಿನ ಕೆಲಸ ಮುಗಿಯಿತು. ಅದನ್ನು ತೆಗೆದು ಕವಾಟವನ್ನು ಬಿಚ್ಚಬೇಕು.

ಬಿಚ್ಚಿದಾಗ ಕಾಣುವುದು ಬರಿಯ ಮಸಿಯಲ್ಲ, ಡಾಂಬರಿನಂತಹ ಜಿಗುಟು. ಹೊಗೆಯ ಮಸಿಯೂ ಎಂಜಿನ್ನಿನ ಹೊಟ್ಟೆಯಿಂದ ಬರುವ ಆಯಿಲ್ ಆವಿಯೂ ಸೇರಿ ಆದದ್ದು ಅದು. ಬ್ಯಾಟರಿಯ ಋಣ ತುದಿಯನ್ನು ಕಳಚಿ, ಎಂಜಿನ್ನು ತಣ್ಣಗಾದ ಮೇಲೆ ಕವಾಟ ತೆಗೆದು, ಕಾರ್ಬನ್ ಕರಗಿಸುವ ದ್ರವ ಮತ್ತು ಮೆತ್ತನೆಯ ಕುಂಚದಿಂದ ಸಮಾಧಾನವಾಗಿ ತೊಳೆಯಬೇಕು. ವಿದ್ಯುತ್ ಮೋಟಾರ್ ಇರುವ ಭಾಗವನ್ನು ದ್ರವದಲ್ಲಿ ಅದ್ದಬಾರದು. ಕವಾಟ ಕೂರುವ ಅಂಚನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಗೀರು ಬಿದ್ದು ಮತ್ತೆಂದೂ ಸರಿಯಾಗಿ ಮುಚ್ಚದು. ಕವಾಟ ಇಷ್ಟು ಕಟ್ಟಿದ್ದರೆ ಅದರಾಚೆಯ ಗಾಳಿಯ ಕೊಳವೆಗಳೂ ಕಟ್ಟಿರುತ್ತವೆ. ಅವನ್ನು ಬಿಟ್ಟು ಕವಾಟವೊಂದನ್ನೇ ತೊಳೆಯುವುದು ಹೊಲದ ಬದುವಿನ ಕಸ ಬಿಟ್ಟು ಸಾಲಿನ ಕಸ ತೆಗೆದಂತೆ. ಗ್ಯಾಸ್ಕೆಟ್ ಹೊಸದೇ ಇರಲಿ. ಜೋಡಿಸಿದ ಮೇಲೆ, ವಿದ್ಯುತ್ತಿನಿಂದ ನಡೆಯುವ ಕವಾಟವಾದರೆ, ಅದರ ಮುಚ್ಚಿದ ಸ್ಥಾನ ಯಾವುದೆಂದು ಕಂಪ್ಯೂಟರಿಗೆ ಮತ್ತೆ ಕಲಿಸುವ ಒಂದು ಕ್ರಮ ಎಷ್ಟೋ ವಾಹನಗಳಲ್ಲಿದೆ. ಇದನ್ನು ಮರೆತು "ತೊಳೆದರೂ ದೀಪ ಆರಲಿಲ್ಲ" ಎಂದು ಹೊಸ ಕವಾಟ ಕೊಳ್ಳುವವರುಂಟು. ಎಂಜಿನ್ನು ಓಡುತ್ತಿರುವಾಗ ಗಾಳಿಯ ಕೊಳವೆಗೆ ಸ್ಪ್ರೇ ಹೊಡೆದು ಸ್ವಚ್ಛ ಮಾಡುವ ಅಡ್ಡದಾರಿಯನ್ನು ಡೀಸೆಲ್ ಗಾಡಿಯಲ್ಲಿ ಸುಮ್ಮಸುಮ್ಮನೆ ಪ್ರಯೋಗಿಸಬಾರದು; ಆ ದ್ರವವೂ ಉರಿಯುವಂಥದ್ದೇ, ಎಂಜಿನ್ನು ಹತೋಟಿ ತಪ್ಪಿ ಓಡೀತು.

ಈ ಮಸಿಯನ್ನು ಬರಿಗೈಯಲ್ಲಿ ಮುಟ್ಟುವ ಹುಡುಗರನ್ನು ಕಂಡಾಗ ಕಳವಳವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಕೈಗವಸು, ಮುಖಕ್ಕೆ ಬಟ್ಟೆ ಇರಬೇಕು. ತೊಳೆದ ಕೊಳೆನೀರು ಗ್ಯಾರೇಜಿನ ಹಿಂದಿನ ಹಳ್ಳಕ್ಕೆ ಹೋಗಬಾರದು.

ಒಂದು ದೋಷವನ್ನು ಮಾತ್ರ ತೊಳೆದು ಸರಿಪಡಿಸಲಾಗದು, ಅದು ಕೂಲರಿನ ಸೋರಿಕೆ. ಹೊರಗೆ ಎಲ್ಲಿಯೂ ತೊಟ್ಟಿಕ್ಕದೆ ರೇಡಿಯೇಟರಿನ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ, ಸೈಲೆನ್ಸರಿನಿಂದ ಬಿಳಿಯ ಆವಿ ಬರುತ್ತಿದ್ದರೆ ಇದನ್ನು ಶಂಕಿಸಬೇಕು. ನೀರು ಸಿಲಿಂಡರಿಗಿಳಿದರೆ ಎಂಜಿನ್ನೇ ಮುರಿಯುತ್ತದೆ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿ.ಎಂ.ಡಬ್ಲ್ಯು. ಡೀಸೆಲ್ ಕಾರುಗಳು ಒಂದರ ಹಿಂದೊಂದು ಬೆಂಕಿಗೆ ತುತ್ತಾದಾಗ ಕಂಪನಿ ಹೇಳಿದ ಕಾರಣವೂ ಇ.ಜಿ.ಆರ್. ಕೂಲರಿನ ಸೋರಿಕೆಯೇ ಆಗಿತ್ತು. ಅಂಥ ಗಾಡಿಯನ್ನು ಓಡಿಸದೆ ನಿಲ್ಲಿಸಬೇಕು.

ಇನ್ನು ಹೊಲದ ಮಾತಿಗೆ ಬರೋಣ. ಬಿಸಿಲಿನಲ್ಲಿ ನೈಟ್ರೋಜನ್ ಡೈಆಕ್ಸೈಡ್ ಒಡೆದು ಅದರಿಂದ ಬಿಡುಗಡೆಯಾದ ಆಮ್ಲಜನಕದ ಪರಮಾಣು ಗಾಳಿಯ ಆಮ್ಲಜನಕದೊಡನೆ ಸೇರಿ ಓಝೋನ್ ಆಗುತ್ತದೆ. ಇಂಧನದ ಆವಿ, ಗಿಡಮರಗಳು ಬಿಡುವ ಕೆಲವು ಆವಿಗಳು ಈ ಕ್ರಿಯೆಗೆ ಒತ್ತಾಸೆಯಾಗುತ್ತವೆ. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಝೋನೇ ನೆಲದ ಹತ್ತಿರ ಬೆಳೆಗೆ ವಿಷ. ವಿಚಿತ್ರವೆಂದರೆ, ವಾಹನಗಳ ನಡುವೆ ಹೊಸದಾಗಿ ಹೊರಬಂದ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುವುದರಿಂದ ಊರ ನಡುವೆ ಅದು ಕಡಿಮೆ. ಗಾಳಿ ಬೀಸಿದತ್ತ ಹತ್ತಾರು ಮೈಲಿ ಸಾಗಿದ ಮೇಲೆ, ಹಳ್ಳಿಯ ಹೊಲಗಳ ಮೇಲೆ ಹೆಚ್ಚು. ಹೊಗೆ ಪೇಟೆಯದು, ಪೆಟ್ಟು ಹಳ್ಳಿಯದು.

ಮುಂಗಾರಿನ ಮೋಡ ಮತ್ತು ಮಳೆಯಲ್ಲಿ ಓಝೋನ್ ಹೆಚ್ಚು ಹುಟ್ಟುವುದಿಲ್ಲ. ಮಳೆ ಹಿಂದೆಗೆದು ನಿಚ್ಚಳ ಬಿಸಿಲು ಬೀಳುವ ಹಿಂಗಾರಿನಲ್ಲಿ, ಅಂದರೆ ನವಲಗುಂದ, ಅಣ್ಣಿಗೇರಿಗಳ ಕಡಲೆ ಹೂಬಿಟ್ಟು ಗೋಧಿ ತೆನೆಗಟ್ಟುವ ಹೊತ್ತಿಗೆ, ಅದಕ್ಕೆ ಅನುಕೂಲ. ಆ ಕಾಲದಲ್ಲಿ ಗಾಳಿ ಬಹುಪಾಲು ಪೂರ್ವದ ಕಡೆಯಿಂದ ಬೀಸುತ್ತದೆ. ಬಯಲಿನ ಮತ್ತು ಹುಬ್ಬಳ್ಳಿಯ ಹೊಗೆ ಕಲಘಟಗಿಯ ಹೊಲಗಳನ್ನು ದಾಟಿ ಯಲ್ಲಾಪುರದ ಕಾಡಿನತ್ತ ಸಾಗುವ ದಿಕ್ಕು ಅದು. ಓಝೋನ್ ಎಲೆಯ ಪತ್ರರಂಧ್ರಗಳ ಮೂಲಕ ಒಳಹೊಕ್ಕು ಹಸಿರನ್ನು ಕೆಡಿಸುತ್ತದೆ. ಎಲೆ ಬೇಗ ಮುಪ್ಪಾಗುತ್ತದೆ, ಕಾಳು ತುಂಬುವುದಿಲ್ಲ. ಗೋಧಿ, ಸೋಯಾ, ಹತ್ತಿ ಇದಕ್ಕೆ ಬೇಗ ಬಗ್ಗುವ ಬೆಳೆಗಳು, ಗೋವಿನಜೋಳ ಅಷ್ಟಿಲ್ಲ. ನೂರು ಕೋಟಿ ಭಾಗ ಗಾಳಿಯಲ್ಲಿ 40 ಭಾಗ ಓಝೋನ್ ಮೀರಿದ ಹೊತ್ತುಗಳನ್ನು ಕೂಡಿಸಿ ಬೆಳೆಯ ಹಾನಿಯನ್ನು ಅಂದಾಜು ಮಾಡುವ ಕ್ರಮ ವಿಜ್ಞಾನಿಗಳಲ್ಲಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಸಹಯೋಗಿಗಳು 2014ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2005ರ ಒಂದೇ ವರ್ಷ ಓಝೋನಿನಿಂದ ದೇಶಕ್ಕಾದ ನಷ್ಟ ಗೋಧಿಯಲ್ಲಿ ಸುಮಾರು 35 ಲಕ್ಷ ಟನ್, ಅಕ್ಕಿಯಲ್ಲಿ ಸುಮಾರು 21 ಲಕ್ಷ ಟನ್. ಸುಮಾರು 9.4 ಕೋಟಿ ಜನರ ಹೊಟ್ಟೆ ತುಂಬಬಹುದಾದ ಧಾನ್ಯ ಅದು. ಇದು ಗಣಿತದ ಮಾದರಿಯಿಂದ ಬಂದ ಅಂದಾಜು, ಹೊಲ ಹೊಲದಲ್ಲಿ ಅಳೆದದ್ದಲ್ಲ. ಒಬ್ಬನ ಕಾರಿನ ತಗಡು ಅವನ ಹೊಲದ ಕಡಲೆಯನ್ನು ಕೊಂದಿತೆಂದು ಯಾರೂ ಹೇಳಲಾರರು. ಆದರೆ ಕೀಟವಿಲ್ಲದೆ, ರೋಗವಿಲ್ಲದೆ ಇಳುವರಿ ತಗ್ಗಿದಾಗ ಮತ್ತೊಂದು ಸುತ್ತು ಔಷಧಿ ಸಿಂಪಡಿಸುವ ರೈತನಿಗೆ ಈ ಕಾಣದ ಅನಿಲದ ವಿಚಾರವನ್ನು ಯಾರೂ ಹೇಳಿಲ್ಲ ಎಂಬುದಂತೂ ನಿಜ. ಹುಬ್ಬಳ್ಳಿ-ಧಾರವಾಡ ನಗರ 2019ರ ರಾಷ್ಟ್ರೀಯ ಶುದ್ಧಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿದೆ. ಆದರೆ ಆ ಕಾರ್ಯಕ್ರಮದ ಗುರಿ ಮುಖ್ಯವಾಗಿ ಧೂಳಿನ ಕಣಗಳು. ಅಳತೆಗೋಲು ಇಲ್ಲಿಯೂ ಕಣ್ಣಿಗೆ ಕಾಣುವುದರತ್ತಲೇ ವಾಲಿದೆ.

ಗ್ಯಾರೇಜಿನ ಹುಡುಗನನ್ನು ಬೈದು ಈ ಮಾತನ್ನು ಮುಗಿಸುವುದು ನ್ಯಾಯವಲ್ಲ. ಇದೇ ಕೆಲಸವನ್ನು ದೊಡ್ಡವರೂ ಮಾಡಿದ್ದಾರೆ. 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಹಗರಣದ ತಿರುಳು ಇಷ್ಟೆ: ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿದಾಗ ಕಂಪ್ಯೂಟರ್ ಹೊಗೆಯನ್ನು ಸರಿಯಾಗಿ ಹಿಂದಕ್ಕೆ ಕಳುಹಿಸುತ್ತಿತ್ತು, ರಸ್ತೆಗಿಳಿದಾಗ ಕಡಿಮೆ ಮಾಡುತ್ತಿತ್ತು. ನಮ್ಮ ಗ್ಯಾರೇಜು ತಗಡಿನಿಂದ ಮಾಡುವುದನ್ನು ಅವರು ಸಾಫ್ಟ್‌ವೇರಿನಿಂದ ಮಾಡಿದರು. ಆ ವರ್ಷದ ಡಿಸೆಂಬರಿನಲ್ಲಿ ಭಾರತದಲ್ಲಿಯೂ 3,23,700 ವಾಹನಗಳನ್ನು ಹಿಂದಕ್ಕೆ ಕರೆಸುವುದಾಗಿ ಕಂಪನಿ ಪ್ರಕಟಿಸಿತು. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ವಿಧಿಸಿತು, ಅನಂತರ ಸರ್ವೋಚ್ಚ ನ್ಯಾಯಾಲಯ ಬಲವಂತದ ಕ್ರಮಕ್ಕೆ ತಡೆ ಕೊಟ್ಟಿತು. ಅದಕ್ಕೂ ಮೊದಲು, 2013ರಲ್ಲಿ, ನಮ್ಮ ಹಳ್ಳಿಗಳ ರಸ್ತೆಗಳಲ್ಲಿಯೂ ಓಡುತ್ತಿದ್ದ ಟವೇರಾ ವಾಹನಗಳು ಹೊಗೆಯ ನಿಯಮ ಮೀರಿದ್ದಕ್ಕಾಗಿ ಜನರಲ್ ಮೋಟರ್ಸ್ ಸುಮಾರು 1.14 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು.

ಕ್ರೂಸರ್ ಓಡಿಸಿ ಸಾಲದ ಕಂತು ಕಟ್ಟುವವನ ಲೆಕ್ಕವೂ ಅರ್ಥವಾಗುವಂಥದ್ದೇ. ಹೊಸ ಕವಾಟಕ್ಕೆ ಹಲವು ಸಾವಿರ ರೂಪಾಯಿ, ಜೊತೆಗೆ ಹುಬ್ಬಳ್ಳಿಯವರೆಗೆ ಹೋಗಿ ಗಾಡಿ ಬಿಟ್ಟು ಬರುವ ಎರಡು ದಿನದ ದುಡಿಮೆ. ತಗಡಿಗೆ ಕೆಲವು ನೂರು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ಸ್ವರೂಪವನ್ನು ಬದಲಿಸುವುದಕ್ಕೆ ನಿರ್ಬಂಧ ಹಾಕುತ್ತದೆ. 190ನೆಯ ಕಲಮಿನಡಿ, 2019ರ ತಿದ್ದುಪಡಿಯ ನಂತರ, ವಾಯುಮಾಲಿನ್ಯದ ಮಿತಿ ಮೀರಿದ ವಾಹನಕ್ಕೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಉಂಟು. ಈ ಕಾನೂನು ತಗಡನ್ನು ಹುಡುಕುವುದಿಲ್ಲ, ಚೀಟಿಯನ್ನು ಕೇಳುತ್ತದೆ. ಚೀಟಿ ಸಿಗುವುದು ಹೊಗೆಯ ಕಪ್ಪು ನೋಡಿ. ದಂಡ ಏರಿಸಿದ್ದರಿಂದ ಏನೂ ಆಗಿಲ್ಲವೆಂದೇ ನನ್ನ ಅಭಿಪ್ರಾಯ. ಎಮಿಷನ್ ಪರೀಕ್ಷೆಯ ಕೇಂದ್ರಗಳಲ್ಲಿ ಹೊಗೆಯನ್ನು ಅಳೆಯುವುದರ ಜೊತೆಗೆ ಸ್ಕ್ಯಾನರ್ ಹಚ್ಚಿ ಇ.ಜಿ.ಆರ್. ಸಂಕೇತಗಳಿವೆಯೇ ಎಂದು ನೋಡಿದರೆ ಎರಡು ನಿಮಿಷದ ಕೆಲಸ. ಹೋಬಳಿಗಳಲ್ಲಿ ಟ್ರ್ಯಾಕ್ಟರು, ರಾಶಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಒಂದೊಂದು ಒಳ್ಳೆಯ ಸ್ಕ್ಯಾನರ್ ಮತ್ತು ಕೈಪಂಪು ಇದ್ದರೆ ಕುಂದಗೋಳದ ಮೇಸ್ತ್ರಿ ಊಹೆಯ ಮೇಲೆ ಕೆಲಸ ಮಾಡಬೇಕಾಗಿಲ್ಲ. ಕಂಪನಿಗಳು ಕವಾಟವನ್ನು ಎಂಜಿನ್ನಿನ ಹಿಂಬದಿಯ ಸಂದಿಯಲ್ಲಿ ಹುದುಗಿಸದೆ, ಸರ್ವೀಸಿನಲ್ಲಿ ಬಿಚ್ಚಿ ತೊಳೆಯಲು ಬರುವ ಜಾಗದಲ್ಲಿ ಇಡಬೇಕೆಂದು ನಿಯಮ ಮಾಡುವುದೂ ಕಷ್ಟವಲ್ಲ.

ಹೊಸ ವಾಹನಗಳಲ್ಲಿ ಈ ಆಟ ನಡೆಯುವುದೂ ಕಷ್ಟ. ಡೀಸೆಲ್ ಕಾರಿಗೆ ಒಂದು ಕಿಲೋಮೀಟರಿಗೆ ಬಿ.ಎಸ್.-3ರಲ್ಲಿ 0.50 ಗ್ರಾಂ ಇದ್ದ ಸಾರಜನಕದ ಆಕ್ಸೈಡಿನ ಮಿತಿ ಬಿ.ಎಸ್.-4ರಲ್ಲಿ 0.25 ಆಯಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6ರಲ್ಲಿ ಅದು 0.08. ಇವುಗಳಲ್ಲಿ ಕವಾಟ ಮುಚ್ಚಿದರೆ ಕಂಪ್ಯೂಟರ್ ದೀಪ ಹೊತ್ತಿಸಿ ಎಂಜಿನ್ನಿನ ಶಕ್ತಿಯನ್ನೇ ತಗ್ಗಿಸೀತು. ಕೆಲವು ವಾಹನಗಳಿಗೆ ಶೇಕಡಾ 32.5ರ ಯೂರಿಯಾ ದ್ರಾವಣವನ್ನೂ ತುಂಬಿಸಬೇಕು. ಕೃಷಿ ಕೇಂದ್ರದಿಂದ ತಂದ ಯೂರಿಯಾ ಕರಗಿಸಿ ಸುರಿದರಾಯಿತೆಂಬ ಸಲಹೆ ಕೇಳಿಬರುವುದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ: ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಆ ಎಣ್ಣೆಯೂ ಇತರ ಕಲ್ಮಶಗಳೂ ಸಿಂಪಡಿಸುವ ಮೂತಿಯನ್ನು ಕಟ್ಟಿಸುತ್ತವೆ, ಮೇಲಾಗಿ ಸಬ್ಸಿಡಿಯ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಅಪರಾಧ.

ಆದಕಾರಣ ತಗಡಿನ ಪ್ರಶ್ನೆ ಮುಖ್ಯವಾಗಿ ಹಳೆಯ ಗಾಡಿಗಳದು, ಮತ್ತು ನಮ್ಮ ಹಳ್ಳಿಗಳಲ್ಲಿ ಓಡುವುದು ಹೆಚ್ಚಾಗಿ ಅವೇ. ಅಂಥ ಗಾಡಿ ಇರುವವರು ಏರ್ ಫಿಲ್ಟರನ್ನು ಸುಗ್ಗಿಯ ಮೊದಲೊಮ್ಮೆ, ನಂತರವೊಮ್ಮೆ ನೋಡಿಸಬೇಕು. ಮನೆಯಿಂದ ಹೊಲಕ್ಕೆ, ಹೊಲದಿಂದ ಸಂತೆಗೆ ಎಂಬ ಚಿಕ್ಕ ಓಡಾಟಗಳಲ್ಲಿ ಎಂಜಿನ್ನು ಬಿಸಿಯೇರದೆ ಮಸಿ ಕೂರುತ್ತದೆ. ವಾರಕ್ಕೊಮ್ಮೆಯಾದರೂ ತುಸು ದೂರ ಒಂದೇ ವೇಗದಲ್ಲಿ ಓಡಿಸಿದರೆ ಒಳ್ಳೆಯದು. ಆಳುಗಳು ಹತ್ತುವವರೆಗೆ ಅರ್ಧ ಗಂಟೆ ಎಂಜಿನ್ನು ಚಾಲೂ ಇಟ್ಟು ನಿಲ್ಲಿಸುವ ಅಭ್ಯಾಸವೂ ಹೋಗಬೇಕು. ಈಗಾಗಲೇ ತಗಡು ಹಾಕಿಸಿರುವವರು ಮುಂದಿನ ಸರ್ವೀಸಿನಲ್ಲಿ ಅದನ್ನು ತೆಗೆಸಿ, ಕವಾಟ ಮತ್ತು ಗಾಳಿಯ ಕೊಳವೆಗಳನ್ನು ತೊಳೆಸಿ, ಹೊಸ ಗ್ಯಾಸ್ಕೆಟ್ ಹಾಕಿಸಬೇಕು. ಬಿಲ್ಲಿನಲ್ಲಿ ಹಾಗೆಂದು ಬರೆಸಿಕೊಳ್ಳಬೇಕು, ತೆಗೆದ ತಗಡನ್ನು ಕೈಯಲ್ಲಿ ಕೇಳಿ ಪಡೆದುಕೊಳ್ಳಬೇಕು.